ಪಿಕಪ್ ಟ್ರಕ್ಕಿನ ಕ್ಲಚ್ ಅನ್ನು ಮನೆಯಲ್ಲೇ ಬದಲಾಯಿಸುವುದು: ಮೊದಲ ಬಾರಿಗೆ ಕೈಹಾಕುವವರಿಗೆ ಸಾಧ್ಯವೇ? (ವೇದಿಕೆಯ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಮೊದಲ ಪಾನ

ಎಲ್ಲರಿಗೂ ನಮಸ್ಕಾರ. ನನ್ನದು ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್ ಟ್ರಕ್ಕು. ಎಳೆತ ಹಿಂದಿನ ಚಕ್ರಗಳಿಗೆ ಮಾತ್ರ, 5 ಗೇರು, ಹೈಡ್ರಾಲಿಕ್ ಕ್ಲಚ್. ಈಚೆಗೆ ಭಾರ ಹೇರಿಕೊಂಡು ಏರು ಹತ್ತುವಾಗ 4ನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರುತ್ತದೆಯೇ ಹೊರತು ಗಾಡಿಯ ವೇಗ ಏರುವುದಿಲ್ಲ. ಬೆಳಿಗ್ಗೆ ರಿವರ್ಸ್ ಹಾಕುವಾಗ ಕೆಲವೊಮ್ಮೆ ಹಲ್ಲು ಕಚ್ಚಿದಂತೆ ಕರಕರ ಎನ್ನುತ್ತದೆ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್‌ಗಳನ್ನು ನಾನೇ ಬದಲಾಯಿಸಿದ್ದೇನೆ, ಆದರೆ ಗೇರ್ ಬಾಕ್ಸ್ ಇಳಿಸುವಷ್ಟು ದೊಡ್ಡ ಕೆಲಸಕ್ಕೆ ಎಂದೂ ಕೈಹಾಕಿಲ್ಲ. ಮನೆಯ ಮುಂದೆ ಸಮತಟ್ಟಾದ ಕಾಂಕ್ರೀಟ್ ನೆಲವಿದೆ, ಟ್ರಾಲಿ ಜಾಕ್, ಸಾಕೆಟ್ ಸೆಟ್ ಮತ್ತು ಟಾರ್ಕ್ ರೆಂಚ್ ಇವೆ, ಸಹಾಯಕ್ಕೆ ತಮ್ಮನಿದ್ದಾನೆ. ಈ ಕೆಲಸ ನನ್ನಂಥವರ ಕೈಗೆ ಎಟಕುವಂಥದ್ದೇ, ಮತ್ತು ಎಟಕುವುದಾದರೆ ಎಲ್ಲಿ ಹೆಚ್ಚು ಜಾಗರೂಕನಾಗಿರಬೇಕು ಎಂಬುದನ್ನು ಅನುಭವಿಗಳು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಹಳೆಯ ಗ್ಯಾರೇಜು

ಖಂಡಿತ ಎಟಕುತ್ತದೆ. ಆದರೆ ಬಿಡಿಭಾಗ ಕೊಳ್ಳುವ ಮೊದಲು ಒಂದು ಮಾತು. ನೀವು ಹೇಳಿದ ಎರಡು ಲಕ್ಷಣಗಳಿಗೆ ಕಾರಣ ಒಂದೇ ಆಗಿರಬೇಕಿಲ್ಲ. ಏರಿನಲ್ಲಿ ಎಂಜಿನ್ ಓಡಿ ಗಾಡಿ ಓಡದಿರುವುದು ಕ್ಲಚ್ ಜಾರುವುದರ ಗುರುತು. ಕ್ಲಚ್ ಪ್ಲೇಟಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಸವೆದಿರಬಹುದು, ಇಲ್ಲವೇ ಅದರ ಮೇಲೆ ಆಯಿಲ್ ಬಿದ್ದಿರಬಹುದು. ರಿವರ್ಸಿನಲ್ಲಿ ಕರಕರ ಎನ್ನುವುದು ಇದಕ್ಕೆ ತದ್ವಿರುದ್ಧ: ಪೆಡಲ್ ಒತ್ತಿದಾಗಲೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಇದಕ್ಕೆ ಎಷ್ಟೋ ಸಲ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವುದು) ಅಥವಾ ಸ್ಲೇವ್ ಸಿಲಿಂಡರ್ (ಆ ದ್ರವದ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವುದು) ಕಾರಣವಾಗಿರುತ್ತದೆ, ಅದನ್ನು ಸರಿಪಡಿಸಲು ಗೇರ್ ಬಾಕ್ಸ್ ಇಳಿಸಬೇಕಾಗಿಯೇ ಇಲ್ಲ.

ಆದ್ದರಿಂದ ಮೊದಲು ಪರೀಕ್ಷೆ ಮಾಡಿ. ಮುಂದೆ ಯಾರೂ ಇಲ್ಲದ ಜಾಗದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕನ್ನೂ ಒತ್ತಿಕೊಂಡು, 5ನೇ ಗೇರಿನಲ್ಲಿ ಕ್ಲಚ್ ಪೆಡಲನ್ನು ಬಿಡಿ. ಕ್ಲಚ್ ಗಟ್ಟಿಯಾಗಿದ್ದರೆ ಎಂಜಿನ್ ತಕ್ಷಣ ನಿಂತುಹೋಗುತ್ತದೆ. ಓಡುತ್ತಲೇ ಇದ್ದರೆ ಜಾರುತ್ತಿದೆ ಎಂದು ತಿಳಿಯಿರಿ, ಮತ್ತು ಕೂಡಲೇ ಪೆಡಲ್ ಒತ್ತಿ ನಿಲ್ಲಿಸಿ, ಏಕೆಂದರೆ ಈ ಪರೀಕ್ಷೆಯೇ ಪ್ಲೇಟನ್ನು ಕಾಯಿಸುತ್ತದೆ. ಎರಡನೆಯದಾಗಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಪೆಡಲನ್ನು ಪೂರ್ತಿ ಒತ್ತಿ, ಕೆಲವು ಸೆಕೆಂಡು ತಡೆದು, ಆಮೇಲೆ ರಿವರ್ಸ್ ಹಾಕಿ. ಅಷ್ಟು ಹೊತ್ತಿಗೆ ಕ್ಲಚ್ಚಿನಿಂದ ಗೇರ್ ಬಾಕ್ಸಿನೊಳಗೆ ಹೋಗುವ ಇನ್‌ಪುಟ್ ಶಾಫ್ಟ್ ನಿಂತಿರಬೇಕು. ಆಗಲೂ ಕರಕರ ಎಂದರೆ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟನ್ನು ಮೆಲ್ಲಗೆ ಎತ್ತಿ ಒಳಗೆ ತೇವವಿದೆಯೇ ನೋಡಿ. ಕ್ಯಾಬಿನ್ನಿನೊಳಗೆ ಪೆಡಲಿನ ಹಿಂದೆ, ಮಾಸ್ಟರ್ ಸಿಲಿಂಡರಿನ ರಾಡ್ ಬರುವ ಜಾಗವನ್ನೂ ಬೆರಳಿನಿಂದ ಒರೆಸಿ ನೋಡಿ.

ಸದ್ದನ್ನೂ ಗಮನಿಸಿ. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ಸಾಮಾನ್ಯವಾಗಿ ಕ್ಲಚ್ಚನ್ನು ಅದುಮಿ ಬಿಡಿಸುವ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಬೇರಿಂಗ್ ಮೇಲೆ ಅನುಮಾನ. ಎರಡನೆಯದನ್ನು ಹೊಸ ಕ್ಲಚ್ ಸೆಟ್ ಗುಣಪಡಿಸುವುದಿಲ್ಲ.

ಮೊದಲ ಪಾನ

ಪರೀಕ್ಷೆ ಮಾಡಿದೆ. 5ನೇ ಗೇರಿನಲ್ಲಿ ಪೆಡಲ್ ಬಿಟ್ಟರೂ ಎಂಜಿನ್ ನಿಲ್ಲಲಿಲ್ಲ. ಸ್ಲೇವ್ ಸಿಲಿಂಡರಿನ ಬೂಟ್ ಎತ್ತಿದಾಗ ಒಳಗೆ ಕಪ್ಪಾದ ದ್ರವ ಕಾಣಿಸಿತು. ಅಂದರೆ ಎರಡು ಬೇರೆ ಬೇರೆ ತೊಂದರೆಗಳೂ ಇವೆ. ವಿಶೇಷ ಸದ್ದೇನೂ ಇಲ್ಲ. ಗೇರ್ ಬಾಕ್ಸ್ ಇಳಿಸುವುದು ಅನಿವಾರ್ಯ ಎಂದಾಯಿತು.

ಎರಡನೇ ಗೇರು

ಹಾಗಿದ್ದರೆ ಗಾಡಿಯನ್ನು ಎತ್ತಿ ನಿಲ್ಲಿಸುವ ವಿಷಯವನ್ನು ನಾನು ಬರೆಯುತ್ತೇನೆ. ಕ್ಲಚ್ ಕೆಟ್ಟರೆ ಇನ್ನೊಮ್ಮೆ ಬಿಚ್ಚಬಹುದು. ಎತ್ತಿದ ಗಾಡಿ ಮೈಮೇಲೆ ಬಿದ್ದರೆ ಮಾಡುವುದೇನೂ ಉಳಿಯುವುದಿಲ್ಲ. ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತುಕೊಂಡಿರಲಿಕ್ಕಲ್ಲ. ಗಾಡಿಯ ತೂಕಕ್ಕೆ ತಕ್ಕ ಸಾಮರ್ಥ್ಯದ ನಾಲ್ಕು ಜಾಕ್ ಸ್ಟ್ಯಾಂಡುಗಳನ್ನು ಚಾಸಿಯ ಗಟ್ಟಿ ಭಾಗಗಳಿಗೆ ಕೊಡಿ. ಇಟ್ಟಿಗೆ ಬೇಡ, ಟೊಳ್ಳು ಕಾಂಕ್ರೀಟ್ ಬ್ಲಾಕಂತೂ ಬೇಡವೇ ಬೇಡ. ಅದು ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯುತ್ತದೆ. ಸ್ಟ್ಯಾಂಡ್ ಮೇಲೆ ಇಳಿಸಿದ ನಂತರ, ಕೆಳಗೆ ನುಗ್ಗುವ ಮುನ್ನ, ಗಾಡಿಯನ್ನು ಪಕ್ಕದಿಂದ ಬಲವಾಗಿ ಅಲುಗಾಡಿಸಿ ನೋಡಿ. ಅಲುಗುವುದಾದರೆ ಆಗಲೇ ಅಲುಗಲಿ.

ಮೊದಲ ಬಾರಿಗೆ ಮಾಡುವವರಿಗೆ ಹೊಳೆಯದ ಸಂಗತಿಯೊಂದಿದೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣದಿಂದ ಗೇರಿನಲ್ಲಿ ಹಾಕಿ ನಿಲ್ಲಿಸಿದ್ದೇನೆ ಎಂಬ ಧೈರ್ಯಕ್ಕೆ ಅರ್ಥವಿಲ್ಲ, ಏಕೆಂದರೆ ಗೇರ್ ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ. ಕೆಲವು ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಗೇರ್ ಬಾಕ್ಸಿನ ಹಿಂಬದಿಯಲ್ಲೇ ಇರುವುದರಿಂದ ಶಾಫ್ಟ್ ಬಿಚ್ಚಿದ ಮೇಲೆ ಅದೂ ಹಿಡಿಯುವುದಿಲ್ಲ. ನೆಲದ ಮೇಲೆ ಯಾವ ಚಕ್ರ ಉಳಿದಿದ್ದರೂ ಅದರ ಎರಡೂ ಬದಿಗೆ ಅಡೆ ಇರಲೇಬೇಕು.

ಎಷ್ಟು ಎತ್ತರಿಸಬೇಕು ಎಂಬುದನ್ನೂ ಮೊದಲೇ ಲೆಕ್ಕ ಹಾಕಿ. ಇಳಿಸಿದ ಗೇರ್ ಬಾಕ್ಸ್ ಜಾಕಿನ ಮೇಲೆ ಕುಳಿತಿರುವಾಗ ಅದರ ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಮುಂಭಾಗದ) ತುದಿ ಚಾಸಿಯ ಕೆಳಗಿನಿಂದ ಹೊರಗೆ ಜಾರಬೇಕು. ಅಷ್ಟು ಎತ್ತರವಿಲ್ಲದೆ ಶುರು ಮಾಡಿದವರು ಅರ್ಧ ಕೆಲಸವಾದ ಮೇಲೆ ಗಾಡಿಯನ್ನು ಮತ್ತೆ ಎತ್ತಬೇಕಾಗುತ್ತದೆ, ಅದು ಅಪಾಯದ ಕೆಲಸ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಎಲ್ಲಕ್ಕಿಂತ ಮೊದಲು ಬಿಚ್ಚಿ, ಏಕೆಂದರೆ ಸೆಲ್ಫ್ ಮೋಟರಿನ ದಪ್ಪ ತಂತಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ.

ಹಳೆಯ ಗ್ಯಾರೇಜು

ಮೇಲಿನ ಮಾತು ಅಕ್ಷರಶಃ ಪಾಲಿಸಬೇಕಾದದ್ದು. ಇನ್ನು ಬಿಚ್ಚುವ ಕ್ರಮ. ನನ್ನ ಅನುಭವದಲ್ಲಿ ಕ್ಲಚ್ ಬದಲಾಯಿಸುವ ಕೆಲಸದಲ್ಲಿ ಕ್ಲಚ್ಚಿನ ಪಾಲು ತೀರಾ ಕಡಿಮೆ. ಗೇರ್ ಬಾಕ್ಸನ್ನು ನೇರವಾಗಿ ಹಿಂದಕ್ಕೆ ಎಳೆದು ಮತ್ತೆ ನೇರವಾಗಿ ಮುಂದಕ್ಕೆ ಸೇರಿಸುವುದರಲ್ಲೇ ಶ್ರಮವೆಲ್ಲ ಇದೆ.

ಪ್ರೊಪೆಲ್ಲರ್ ಶಾಫ್ಟಿನ ಎರಡೂ ಫ್ಲ್ಯಾಂಜುಗಳ ಮೇಲೆ ಒಂದೇ ಗೆರೆಯಾಗಿ ಬಣ್ಣದ ಗುರುತು ಹಾಕಿ ಬಿಚ್ಚಿ. ಹಾಗೆಯೇ ಜೋಡಿಸದಿದ್ದರೆ ಆಮೇಲೆ ನಡುಕ ಬರಬಹುದು. ಗೇರ್ ಆಯಿಲ್ ಇಳಿಸುವ ಮುನ್ನ ತುಂಬುವ ಬೋಲ್ಟನ್ನು ಬಿಚ್ಚಲು ಸಾಧ್ಯವೇ ಎಂದು ನೋಡಿಕೊಳ್ಳಿ. ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಆಯಿಲ್ ಇಳಿಸಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಒಳ್ಳೆಯದು. ಗೇರ್ ಲಿವರನ್ನು ಕ್ಯಾಬಿನ್ ಒಳಗಿನಿಂದ ತೆಗೆದು, ಆ ರಂಧ್ರಕ್ಕೆ ಶುಭ್ರವಾದ ಬಟ್ಟೆ ತುರುಕಿ. ಸ್ಲೇವ್ ಸಿಲಿಂಡರನ್ನು ಬಿಚ್ಚಿ ಪಕ್ಕಕ್ಕೆ ಕಟ್ಟಿದ ಮೇಲೆ ಯಾರೂ ಕ್ಲಚ್ ಪೆಡಲ್ ಒತ್ತಕೂಡದು; ಒತ್ತಿದರೆ ಪಿಸ್ಟನ್ ಹೊರಕ್ಕೆ ಬರುತ್ತದೆ. ನೀವು ಹೇಗೂ ಅದನ್ನು ಬದಲಾಯಿಸುವವರು, ಆದರೂ ಅದರೊಳಗಿನ ಬ್ರೇಕ್ ದ್ರವ ಗಾಡಿಯ ಬಣ್ಣವನ್ನು ತಿನ್ನುತ್ತದೆ ಎಂಬುದು ನೆನಪಿರಲಿ.

ಗೇರ್ ಬಾಕ್ಸನ್ನು ಹೊತ್ತಿರುವ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರ್, ಬಿಚ್ಚಿದೊಡನೆ ಎಂಜಿನ್ನಿನ ಹಿಂಭಾಗಕ್ಕೆ ಆಧಾರ ತಪ್ಪುತ್ತದೆ. ಅದಕ್ಕೆ ಮೊದಲೇ ಎಂಜಿನ್ನಿನ ಕೆಳಗೆ, ಆಯಿಲ್ ಸಂಪಿಗೂ ಜಾಕಿಗೂ ನಡುವೆ ಅಗಲವಾದ ಮರದ ಹಲಗೆ ಇಟ್ಟು ಆಧಾರ ಕೊಡಿ. ಎಂಜಿನ್ ಸ್ವಲ್ಪ ಹಿಂದಕ್ಕೆ ವಾಲಿದರೆ ಬೆಲ್ ಹೌಸಿಂಗಿನ ಮೇಲಿನ ಬೋಲ್ಟುಗಳು ಉದ್ದನೆಯ ಎಕ್ಸ್‌ಟೆನ್ಷನ್‌ಗೆ ಸಿಗುತ್ತವೆ, ಆದರೆ ವಾಲಿಸುವಾಗ ತಮ್ಮನನ್ನು ಮುಂದೆ ನಿಲ್ಲಿಸಿ ರೇಡಿಯೇಟರಿನ ಫ್ಯಾನು, ಹೋಸ್ ಪೈಪುಗಳು ಎಲ್ಲಿಯೂ ತಾಗದಂತೆ ನೋಡಿಸಿ. ಬೋಲ್ಟುಗಳ ಉದ್ದ ಬೇರೆ ಬೇರೆ ಇರುತ್ತದೆ. ರಟ್ಟಿನ ಮೇಲೆ ಬೆಲ್ ಹೌಸಿಂಗಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದದೇ ಜಾಗದಲ್ಲಿ ಚುಚ್ಚಿಡಿ.

ಕೊನೆಯ ಬೋಲ್ಟು ತೆಗೆಯುವ ಮೊದಲು ಗೇರ್ ಬಾಕ್ಸನ್ನು ಜಾಕಿಗೆ ಪಟ್ಟಿಯಿಂದ ಬಿಗಿಯಿರಿ. ಅದು ಜಾಕಿನಿಂದ ಜಾರಿ ಇನ್‌ಪುಟ್ ಶಾಫ್ಟಿನ ಮೇಲೆ ನೇತಾಡಿದರೆ ಪ್ಲೇಟಿನ ನಡುಭಾಗ, ಅಂದರೆ ಹಬ್, ಬಾಗುತ್ತದೆ. ಬಿಚ್ಚುವಾಗ ಹಳೆಯ ಪ್ಲೇಟ್ ಬಾಗಿದರೆ ನಷ್ಟವಿಲ್ಲ. ಜೋಡಿಸುವಾಗ ಹೊಸದು ಬಾಗಿದರೆ ಕ್ಲಚ್ ಎಂದೂ ಸರಿಯಾಗಿ ಬಿಡುವುದಿಲ್ಲ.

ದೂಳಿನ ಬಗ್ಗೆ ಒಂದು ಮಾತು: ಬೆಲ್ ಹೌಸಿಂಗಿನೊಳಗಿನ ಕಪ್ಪು ಪುಡಿಗೆ ಗಾಳಿ ಹೊಡೆಯಬೇಡಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬಳಸುತ್ತಿದ್ದರು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ದೂರದ ಲಾರಿ

ನಡುವೆ ಒಂದು ಪ್ರಶ್ನೆ. ನನ್ನದು ಏರ್ ಬ್ರೇಕಿನ ದೊಡ್ಡ ಲಾರಿ. ಇದೇ ಕ್ರಮವನ್ನು ಅದಕ್ಕೂ ಅನುಸರಿಸಬಹುದೇ?

ಹಳೆಯ ಗ್ಯಾರೇಜು

ಮನೆಯಲ್ಲಿ ಬೇಡ ಎಂದೇ ನನ್ನ ಉತ್ತರ. ಪಿಕಪ್ಪಿನ ಗೇರ್ ಬಾಕ್ಸ್ ಸುಮಾರು 40ರಿಂದ 60 ಕಿಲೋ ಇರಬಹುದು. ಭಾರಿ ಲಾರಿಯದು 200, 300 ಕಿಲೋ ತೂಗುತ್ತದೆ. ಅದಕ್ಕೆ ತಕ್ಕ ಜಾಕ್ ಬೇರೆ, ನೆಲ ಬೇರೆ. ಅನೇಕ ಭಾರಿ ಲಾರಿಗಳಲ್ಲಿ ಎರಡು ಪ್ಲೇಟಿನ, ರಿಲೀಸ್ ಬೇರಿಂಗನ್ನು ಹಿಂದಕ್ಕೆ ಎಳೆಯುವ ಬಗೆಯ ಕ್ಲಚ್ ಇರುತ್ತದೆ, ಜೊತೆಗೆ ಕ್ಲಚ್ ಬ್ರೇಕ್ ಇರುತ್ತದೆ, ಮತ್ತು ಅವುಗಳ ಹೊಂದಾಣಿಕೆಯೇ ಪ್ರತ್ಯೇಕ ವಿದ್ಯೆ. ದಯವಿಟ್ಟು ಅದಕ್ಕೆಂದೇ ಇರುವ ಗ್ಯಾರೇಜಿಗೆ ಕೊಡಿ.

ಮೊದಲ ಪಾನ

ಗೇರ್ ಬಾಕ್ಸ್ ಕೆಳಗಿಳಿಯಿತು. ಮೇಲಿನ ಎರಡು ಬೋಲ್ಟುಗಳಿಗೆ ಹಿಡಿದಷ್ಟು ಸಮಯ ಉಳಿದ ಯಾವುದಕ್ಕೂ ಹಿಡಿಯಲಿಲ್ಲ. ಲೈನಿಂಗ್ ಸವೆದು ರಿವೆಟ್ ತಲೆಗಳ ಮಟ್ಟಕ್ಕೆ ಬಂದಿದೆ. ಆಯಿಲ್ ಬಿದ್ದ ಗುರುತಿಲ್ಲ. ಪ್ಲೇಟ್ ಒತ್ತಿ ಕೂರುವ ಎಂಜಿನ್ನಿನ ಭಾರದ ಚಕ್ರ, ಅಂದರೆ ಫ್ಲೈವೀಲಿನ ಮೇಲೆ ಅಲ್ಲಲ್ಲಿ ನೀಲಿ ಕಲೆಗಳೂ ಕೂದಲೆಳೆಯಂಥ ಬಿರುಕುಗಳೂ ಇವೆ. ಇದನ್ನು ಹಾಗೇ ಬಿಡಬಹುದೇ, ಮರಳುಕಾಗದದಿಂದ ಉಜ್ಜಿದರೆ ಸಾಕೇ?

ಲೇತ್ ಕೆಲಸ

ಉಜ್ಜಿದರೆ ಹೊಳಪು ಹೋಗುತ್ತದೆ, ಕಲೆ ಹೋಗುವುದಿಲ್ಲ. ನೀಲಿ ಕಲೆ ಎಂದರೆ ಆ ಜಾಗ ವಿಪರೀತ ಕಾದು ಗಡುಸಾಗಿದೆ ಎಂದು. ಹೊಸ ಪ್ಲೇಟ್ ಅಲ್ಲಿ ಸಮನಾಗಿ ಹಿಡಿಯದೆ ಗಾಡಿ ಹೊರಡುವಾಗ ಗಡಗಡ ನಡುಗುತ್ತದೆ. ಬಿರುಕು ಮೇಲ್ಮೈಯಲ್ಲಷ್ಟೇ ಇದ್ದರೆ ಮೇಲ್ಪದರ ತೆಗೆಸಬಹುದು. ಆಳಕ್ಕೆ ಇಳಿದಿದ್ದರೆ, ಅಥವಾ ಬೋಲ್ಟಿನ ರಂಧ್ರದ ಕಡೆಗೆ ಹರಿದಿದ್ದರೆ ಫ್ಲೈವೀಲನ್ನೇ ಬದಲಾಯಿಸಬೇಕು. ವೇಗವಾಗಿ ತಿರುಗುವಾಗ ಅದು ಸೀಳಿದರೆ ಬೆಲ್ ಹೌಸಿಂಗ್ ಕೂಡ ತಡೆಯಲಾರದು.

ಲೇತ್ ನನ್ನ ಕಸುಬಾಗಿದ್ದರೂ ಹೇಳುತ್ತೇನೆ, ಗಡುಸಾದ ಕಲೆಗಳಿರುವ ಫ್ಲೈವೀಲಿಗೆ ಕಲ್ಲಿನ ಗ್ರೈಂಡಿಂಗ್ ಉತ್ತಮ. ಲೇತಿನ ಟೂಲ್ ಮೆತ್ತನೆಯ ಜಾಗವನ್ನು ಕೊರೆದು ಗಡುಸಾದ ಜಾಗದಲ್ಲಿ ಮೇಲೇಳುತ್ತದೆ, ಅಲ್ಲಿ ಸಣ್ಣ ದಿಣ್ಣೆ ಉಳಿದುಬಿಡುತ್ತದೆ. ಇನ್ನೊಂದು ಮುಖ್ಯ ವಿಷಯ: ಕೆಲವು ಫ್ಲೈವೀಲುಗಳಲ್ಲಿ ಪ್ಲೇಟ್ ಕೂರುವ ಮೇಲ್ಮೈಗೂ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಬೋಲ್ಟ್ ಆಗುವ ಮೇಲ್ಮೈಗೂ ನಡುವೆ ಮೆಟ್ಟಿಲಿರುತ್ತದೆ. ಒಂದನ್ನು ಎಷ್ಟು ತೆಗೆದರೆ ಇನ್ನೊಂದನ್ನೂ ಅಷ್ಟೇ ತೆಗೆದು ಆ ಮೆಟ್ಟಿಲಿನ ಅಳತೆಯನ್ನು ಉಳಿಸಬೇಕು. ನಿಮ್ಮದು ಒಂದೇ ಗಟ್ಟಿ ಲೋಹದ್ದೋ, ಒಳಗೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಬಗೆಯದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಡ್ಯುಯಲ್ ಮಾಸ್ ಆದರೆ ಯಂತ್ರಕ್ಕೆ ಕೊಡುವುದೇ ಬೇಡ. ಅದರ ತಿರುಗುವ ಸಡಿಲ ಕೈಪಿಡಿಯ ಮಿತಿ ಮೀರಿದ್ದರೆ ಹೊಸದೇ ಗತಿ.

ಫ್ಲೈವೀಲ್ ಬಿಚ್ಚುವಾಗ ಒಂದು ಬೋಲ್ಟನ್ನು ಕೆಲವು ಸುತ್ತು ಹಾಗೇ ಉಳಿಸಿಕೊಳ್ಳಿ. ಇಲ್ಲದಿದ್ದರೆ ಮಲಗಿಕೊಂಡು ಕೆಲಸ ಮಾಡುವವರ ಮುಖದ ಮೇಲೆಯೇ ಅದು ಬೀಳುತ್ತದೆ, ಮತ್ತು ಅದರ ತೂಕ ಚಿಕ್ಕದಲ್ಲ. ಫ್ಲೈವೀಲ್ ಬೋಲ್ಟುಗಳು ಒಮ್ಮೆ ಬಿಗಿದರೆ ಹಿಗ್ಗುವ ಬಗೆಯವಾಗಿದ್ದರೆ ಹೊಸವನ್ನೇ ಹಾಕಬೇಕು.

ಎರಡನೇ ಗೇರು

ಫ್ಲೈವೀಲ್ ಹೇಗೂ ಹೊರಗಿರುವಾಗ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲನ್ನೂ ಬದಲಾಯಿಸಿಬಿಡಿ. ಮುಂದೆ ಅದು ಸೋರಿದರೆ ಇಷ್ಟೂ ಕೆಲಸವನ್ನು ಮತ್ತೆ ಮಾಡಬೇಕು.

ಹಳೆಯ ಗ್ಯಾರೇಜು

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಒಣಗಿರುವ ಸೀಲನ್ನು ಮುಟ್ಟಬಾರದು ಎಂಬುದು ನನ್ನ ನಿಲುವು. ಹಳೆಯದನ್ನು ಕೀಳುವಾಗ ಕ್ರ್ಯಾಂಕ್ ಶಾಫ್ಟಿಗೆ ಒಂದು ಗೀರು ಬಿದ್ದರೂ, ಹೊಸದು ಕೂದಲೆಳೆಯಷ್ಟು ಓರೆಯಾಗಿ ಕೂತರೂ, ಸೋರದೇ ಇದ್ದದ್ದು ಸೋರತೊಡಗುತ್ತದೆ. ಹೊಸಬರಿಗೆ ಈ ಅಪಾಯ ಇನ್ನೂ ಹೆಚ್ಚು. ಸೀಲಿನ ಸುತ್ತ ಒದ್ದೆ ಕಂಡರೆ ಬದಲಾಯಿಸಿ, ಇಲ್ಲವಾದರೆ ಒರೆಸಿ ಬಿಡಿ.

ಆದರೆ ಪೈಲಟ್ ಬೇರಿಂಗ್ (ಇನ್‌ಪುಟ್ ಶಾಫ್ಟಿನ ಮುಂದಿನ ತುದಿಗೆ ಆಧಾರವಾಗುವುದು) ಮತ್ತು ರಿಲೀಸ್ ಬೇರಿಂಗ್ ಎರಡನ್ನೂ ಕಡ್ಡಾಯವಾಗಿ ಬದಲಾಯಿಸಿ. ಪೈಲಟ್ ಬೇರಿಂಗ್ ಕೀಳಲು ಪುಲ್ಲರ್ ಇಲ್ಲದಿದ್ದರೆ ಅದರ ರಂಧ್ರದ ತುಂಬ ಗ್ರೀಸ್ ತುಂಬಿ, ರಂಧ್ರಕ್ಕೆ ಸರಿಯಾಗಿ ಹೊಂದುವ ದುಂಡನೆಯ ರಾಡನ್ನು ಸುತ್ತಿಗೆಯಿಂದ ಹೊಡೆಯಿರಿ. ಗ್ರೀಸಿನ ಒತ್ತಡಕ್ಕೆ ಬೇರಿಂಗ್ ಹಿಂದಿನಿಂದ ಹೊರಬರುತ್ತದೆ. ಬೇರಿಂಗಿನ ಬದಲು ಕಂಚಿನ ರಂಧ್ರಮಯ ಬುಷ್ ಇದ್ದರೆ ಹೊಸದಕ್ಕೆ ಗ್ರೀಸ್ ಹಚ್ಚಬೇಡಿ. ಎಂಜಿನ್ ಆಯಿಲ್‌ನಲ್ಲಿ ನೆನೆಸಿ ಕೂರಿಸಿ, ಏಕೆಂದರೆ ಗ್ರೀಸ್ ಅದರ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ರಿಲೀಸ್ ಬೇರಿಂಗನ್ನು ಯಾವುದೇ ದ್ರಾವಕದಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸ್ ಕರಗಿಹೋಗುತ್ತದೆ.

ಹೊಸ ಪ್ಲೇಟನ್ನು ಎಂಜಿನ್ನಿಗೆ ಕೂರಿಸುವ ಮುನ್ನ ಕೆಳಗಿರುವ ಗೇರ್ ಬಾಕ್ಸಿನ ಶಾಫ್ಟಿಗೆ ಒಮ್ಮೆ ತೊಡಿಸಿ ನೋಡಿ; ಹಲ್ಲುಗಳ ಮೇಲೆ ತಡೆಯಿಲ್ಲದೆ ಜಾರಬೇಕು. ಹಲ್ಲುಗಳಿಗೆ ಶಾಖ ತಡೆಯುವ ಗ್ರೀಸನ್ನು ತೆಳುವಾಗಿ ಸವರಿ, ಪ್ಲೇಟನ್ನು ಹಿಂದೆ ಮುಂದೆ ಜಾರಿಸಿ, ಹೊರಬಂದ ಗ್ರೀಸನ್ನೆಲ್ಲ ಒರೆಸಿ. ಹೆಚ್ಚಾದ ಗ್ರೀಸ್ ತಿರುಗುವಾಗ ಸಿಡಿದು ಲೈನಿಂಗಿಗೆ ತಾಗುತ್ತದೆ. ಫ್ಲೈವೀಲ್ ಕಡೆಯ ಮುಖ ಯಾವುದು ಎಂದು ಪ್ಲೇಟಿನ ಮೇಲೆಯೇ ಗುರುತಿರುತ್ತದೆ. ಸಾಮಾನ್ಯವಾಗಿ ಸ್ಪ್ರಿಂಗ್ ಇರುವ ಉಬ್ಬು ಭಾಗ ಗೇರ್ ಬಾಕ್ಸಿನ ಕಡೆಗೆ ಬರುತ್ತದೆ. ತಿರುಗುಮುರುಗಾದರೆ ಹಬ್ ಫ್ಲೈವೀಲ್ ಬೋಲ್ಟುಗಳಿಗೆ ತಾಗುತ್ತದೆ.

ಪ್ಲೇಟನ್ನು ನಡುಮಧ್ಯಕ್ಕೆ ಕೂರಿಸುವ ಅಲೈನ್‌ಮೆಂಟ್ ಟೂಲ್ ಎಷ್ಟೋ ಸೆಟ್ಟುಗಳ ಜೊತೆಗೇ ಬರುತ್ತದೆ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಪ್ರತಿ ಸಲಕ್ಕೆ ಅರ್ಧ ಸುತ್ತಿನಷ್ಟು ಮಾತ್ರ ಬಿಗಿಯುತ್ತ ಬನ್ನಿ. ಒಂದು ಕಡೆಯಿಂದ ಪೂರ್ತಿ ಬಿಗಿದರೆ ಕವರ್ ಸೊಟ್ಟಗಾಗುತ್ತದೆ. 8 ಮಿಲಿಮೀಟರಿನ ಬೋಲ್ಟಾದರೆ ಟಾರ್ಕ್ ಹೆಚ್ಚಾಗಿ 20ರಿಂದ 25 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ, ಆದರೆ ನಿಮ್ಮ ಗಾಡಿಯ ಕೈಪಿಡಿ ಹೇಳುವ ಅಂಕಿಯೇ ಅಂತಿಮ. ಎಲ್ಲ ಬಿಗಿದ ಮೇಲೆ ಟೂಲನ್ನು ಹೊರಗೆಳೆದು ಮತ್ತೆ ಹಾಕಿ ನೋಡಿ. ಅದು ಸಲೀಸಾಗಿ ಒಳಹೋದರೆ ಶಾಫ್ಟೂ ಹೋಗುತ್ತದೆ.

ಮೊದಲ ಪಾನ

ಫ್ಲೈವೀಲ್ ಒಂದೇ ಗಟ್ಟಿ ಲೋಹದ್ದು. ಗ್ರೈಂಡಿಂಗ್ ಮಾಡಿಸಿ ತಂದೆ. ಬಿರುಕುಗಳು ಪೂರ್ತಿ ಹೋದವು. ಸೀಲ್ ಒಣಗಿತ್ತು, ಮುಟ್ಟಲಿಲ್ಲ. ಟೂಲ್ ಸಲೀಸಾಗಿ ಒಳಹೋಗಿ ಹೊರಬಂತು. ಆದರೆ ಈಗ ಗೇರ್ ಬಾಕ್ಸ್ ಮೇಲಕ್ಕೆ ಹೋಗಿ, ಬೆಲ್ ಹೌಸಿಂಗಿಗೂ ಎಂಜಿನ್ನಿಗೂ ನಡುವೆ ಎರಡು ಬೆರಳು ಅಂತರ ಉಳಿದು ಅಲ್ಲೇ ನಿಂತಿದೆ. ಬೋಲ್ಟುಗಳು ಹಲ್ಲು ಹಿಡಿಯುವಷ್ಟು ಹತ್ತಿರದಲ್ಲಿದೆ. ನಾಲ್ಕು ಬೋಲ್ಟು ಹಾಕಿ ಸ್ವಲ್ಪ ಸ್ವಲ್ಪವೇ ಬಿಗಿದು ಎಳೆದುಕೊಳ್ಳಬಹುದೇ?

ಲೇತ್ ಕೆಲಸ

ಬೇಡ. ಆ ಬೋಲ್ಟುಗಳು ಬಿಗಿಹಿಡಿಯಲು ಇರುವುವು, ಎಳೆಯಲು ಅಲ್ಲ. ಅಲ್ಯೂಮಿನಿಯಮ್ ಬೆಲ್ ಹೌಸಿಂಗಿನ ಕಿವಿ ಮುರಿದು ತಂದವರನ್ನು ನೋಡಿದ್ದೇನೆ.

ಹಳೆಯ ಗ್ಯಾರೇಜು

ದಯವಿಟ್ಟು ಬೋಲ್ಟು ಹಾಕಬೇಡಿ. ಟೂಲ್ ಸಲೀಸಾಗಿ ಹೋಗಿರುವುದರಿಂದ ಪ್ಲೇಟ್ ನಡುವಿನಲ್ಲೇ ಇದೆ. ಉಳಿದಿರುವ ಸಾಧ್ಯತೆ ಎರಡು: ಶಾಫ್ಟಿನ ಹಲ್ಲು ಪ್ಲೇಟಿನ ಹಲ್ಲಿಗೆ ಎದುರಾಗಿ ನಿಂತಿರಬೇಕು, ಇಲ್ಲವೇ ಗೇರ್ ಬಾಕ್ಸ್ ಓರೆಯಾಗಿರಬೇಕು. ಗೇರ್ ಬಾಕ್ಸನ್ನು ಯಾವುದಾದರೂ ಗೇರಿನಲ್ಲಿ ಹಾಕಿ ಹಿಂದಿನ ಫ್ಲ್ಯಾಂಜನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಅದೇ ಹೊತ್ತಿಗೆ ತಮ್ಮ ಮುಂದಕ್ಕೆ ಒತ್ತಲಿ. ಹಲ್ಲು ಸೇರಿದ್ದು ಕೈಗೇ ತಿಳಿಯುತ್ತದೆ.

ಅದರಿಂದಲೂ ಆಗದಿದ್ದರೆ ಬೆಲ್ ಹೌಸಿಂಗಿನ ಸುತ್ತಲೂ ಇರುವ ಅಂತರವನ್ನು ಅಳೆಯಿರಿ. ಮೇಲೆ ಹೆಚ್ಚು, ಕೆಳಗೆ ಕಡಿಮೆ ಇದ್ದರೆ ಎಂಜಿನ್ನಿನ ವಾಲಿಕೆಗೂ ಗೇರ್ ಬಾಕ್ಸಿನ ವಾಲಿಕೆಗೂ ಹೊಂದಾಣಿಕೆ ಇಲ್ಲ. ಗೇರ್ ಬಾಕ್ಸಿನ ಬಾಲವನ್ನು ಏರಿಸಿಯೋ ಇಳಿಸಿಯೋ ಅಂತರ ಸುತ್ತಲೂ ಒಂದೇ ಆಗುವಂತೆ ಮಾಡಿ. ಇಬ್ಬರೇ ಇರುವಾಗ ಒಂದು ಉಪಾಯ ಬಹಳ ನೆರವಾಗುತ್ತದೆ: ಅದೇ ಅಳತೆಯ ಎರಡು ಉದ್ದನೆಯ ಬೋಲ್ಟುಗಳ ತಲೆ ಕತ್ತರಿಸಿ, ತುದಿಯಲ್ಲಿ ಸ್ಕ್ರೂಡ್ರೈವರಿಗೆ ಸೀಳು ಮಾಡಿ, ಎಂಜಿನ್ನಿನ ಎರಡು ಬದಿಯ ರಂಧ್ರಗಳಿಗೆ ಸೇರಿಸಿ. ಗೇರ್ ಬಾಕ್ಸ್ ಆ ಎರಡು ಗೂಟಗಳ ಮೇಲೆ ನೇರವಾಗಿ ಜಾರುತ್ತದೆ, ಮಧ್ಯೆ ಉಸಿರೆಳೆದುಕೊಳ್ಳಲೂ ಅವಕಾಶ ಸಿಗುತ್ತದೆ. ಎರಡು ಮುಖಗಳು ಕೈಯ ಒತ್ತಡಕ್ಕೇ ಕೂಡಿ, ಅವನ್ನು ನೇರದಲ್ಲಿ ಹಿಡಿಯುವ ಡೋವೆಲ್ ಪಿನ್ನುಗಳ ಮೇಲೆ ಕೂತ ನಂತರವೇ ಬೋಲ್ಟು.

ಮೊದಲ ಪಾನ

ಗೂಟಗಳನ್ನು ಮಾಡಿಕೊಂಡೆವು. ಮೇಲಿನ ಅಂತರ ಹೆಚ್ಚಿತ್ತು; ಬಾಲವನ್ನು ಸ್ವಲ್ಪ ಏರಿಸಿ ಫ್ಲ್ಯಾಂಜ್ ತಿರುಗಿಸಿದಾಗ ಗೇರ್ ಬಾಕ್ಸ್ ತಾನಾಗಿ ಒಳಸರಿದು ಕೂತಿತು. ಯಾವ ಬಲವೂ ಬೇಕಾಗಲಿಲ್ಲ. ಹೊಸ ಸ್ಲೇವ್ ಸಿಲಿಂಡರ್ ಹಾಕಿದ್ದೇನೆ, ಆದರೆ ಪೆಡಲ್ ಒತ್ತಿದರೆ ಅರ್ಧದವರೆಗೆ ಪೊಳ್ಳಾಗಿದೆ.

ಎರಡನೇ ಗೇರು

ಒಳಗೆ ಗಾಳಿಯಿದೆ. ಮಾಸ್ಟರ್ ಸಿಲಿಂಡರಿನ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದ್ರವವನ್ನೇ ಬಳಸಿ. ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4 ಇರುತ್ತದೆ. ಡಾಟ್ 5 ಸಿಲಿಕೋನಿನದು, ಅದನ್ನು ಇವುಗಳ ಜೊತೆ ಬೆರೆಸಬಾರದು. ಮೊದಲು ಸ್ಲೇವ್ ಸಿಲಿಂಡರಿನ ಗಾಳಿ ಬಿಡುವ ತಿರುಪು, ಅಂದರೆ ಬ್ಲೀಡರ್, ಸಡಿಲಿಸಿ ದ್ರವ ತಾನಾಗಿ ತೊಟ್ಟಿಕ್ಕುವವರೆಗೆ ಬಿಡಿ. ನಂತರ ತಮ್ಮ ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಲಿ, ನೀವು ಬ್ಲೀಡರ್ ತೆರೆದು ಮುಚ್ಚಿ. ಮುಚ್ಚಿದ ಮೇಲೆಯೇ ಅವರು ಕಾಲು ತೆಗೆಯಬೇಕು. ಗುಳ್ಳೆ ನಿಲ್ಲುವವರೆಗೆ ಮುಂದುವರಿಸಿ, ಡಬ್ಬಿ ಖಾಲಿಯಾಗಲು ಬಿಡಬೇಡಿ. ಸ್ಲೇವ್ ಸಿಲಿಂಡರ್ ಕೂತಿರುವ ಕೋನದಲ್ಲಿ ಬ್ಲೀಡರ್ ಕೆಳಗಾಗಿದ್ದರೆ ಗಾಳಿ ಮೇಲ್ತುದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಆಗ ಸಿಲಿಂಡರನ್ನು ಬಿಚ್ಚಿ, ರಾಡನ್ನು ಒಳಕ್ಕೆ ಅದುಮಿ ಹಿಡಿದು, ಬ್ಲೀಡರ್ ಮೇಲಾಗುವಂತೆ ತಿರುಗಿಸಿ ಗಾಳಿ ತೆಗೆಯಬೇಕು.

ಮೊದಲ ಪಾನ

ನೀವು ಹೇಳಿದಂತೆ ಬ್ಲೀಡರ್ ಕೆಳಮುಖವಾಗಿತ್ತು. ಬಿಚ್ಚಿ ತಿರುಗಿಸಿದ ಮೇಲೆ ಪೆಡಲ್ ಗಟ್ಟಿಯಾಯಿತು. ಗೇರ್ ಆಯಿಲ್ ತುಂಬಿ, ಪ್ರೊಪೆಲ್ಲರ್ ಶಾಫ್ಟನ್ನು ಗುರುತಿಗೆ ಗುರುತು ಸೇರಿಸಿ ಬಿಗಿದಿದ್ದೇನೆ. ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ಖಾಲಿ ಗಾಡಿಯನ್ನು ಓಡಿಸಿದಾಗ ಹೊರಡುವ ಹೊತ್ತಿನಲ್ಲಿ ತುಸು ನಡುಕವಿದೆ. ಇದು ಸಹಜವೇ, ಮತ್ತು ಭಾರ ಹೇರುವುದು ಯಾವಾಗ?

ಹಳೆಯ ಗ್ಯಾರೇಜು

ಹೊಸ ಲೈನಿಂಗೂ ಹೊಸದಾಗಿ ಗ್ರೈಂಡ್ ಆದ ಫ್ಲೈವೀಲೂ ಒಂದಕ್ಕೊಂದು ಹೊಂದುವವರೆಗೆ ತುಸು ನಡುಕ ಸಹಜ. ಮೊದಲ 800 ಕಿಲೋಮೀಟರ್ ಭಾರ ಎಳೆಯಬೇಡಿ, ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಬೇಡಿ. ಹೆದ್ದಾರಿಯಲ್ಲಿ ಒಂದೇ ಗೇರಿನಲ್ಲಿ ಓಡಿಸಿದ ದೂರ ಇದಕ್ಕೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ನಿಂತು ಹೊರಡುವ ಓಡಾಟವೇ ಪ್ಲೇಟನ್ನು ಹದಕ್ಕೆ ತರುತ್ತದೆ. ನಡುಕ ಕಡಿಮೆಯಾಗುವ ಬದಲು ಹೆಚ್ಚುತ್ತ ಹೋದರೆ ಎಂಜಿನ್ ಮತ್ತು ಗೇರ್ ಬಾಕ್ಸಿನ ಮೌಂಟುಗಳ ಬೋಲ್ಟುಗಳನ್ನು ಮೊದಲು ನೋಡಿ. ಕೆಲವು ದಿನ ಓಡಿಸಿದ ಮೇಲೆ ಪ್ರೊಪೆಲ್ಲರ್ ಶಾಫ್ಟಿನ ಮತ್ತು ಕ್ರಾಸ್ ಮೆಂಬರಿನ ಬೋಲ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ, ಸ್ಲೇವ್ ಸಿಲಿಂಡರಿನ ಬೂಟಿನೊಳಗೆ ತೇವವಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಮೊದಲ ಪಾನ

ಹಾಗೆಯೇ ಮಾಡುತ್ತೇನೆ. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಆ ಎರಡು ಗೂಟಗಳಿಗೆ ಅಳತೆ ಬರೆದ ಚೀಟಿ ಕಟ್ಟಿ ಎತ್ತಿಟ್ಟಿದ್ದೇನೆ. ಇದೇ ಮಾದರಿಯ ಗಾಡಿಗೆ ಕೆಲಸ ಮಾಡುವವರು ಕೇಳಿದರೆ ಅಳತೆಯನ್ನು ಇಲ್ಲಿಯೇ ಬರೆಯುತ್ತೇನೆ.